ಗೀತಯಾಚನಾ ಮೀಮಾಂಸೆ, ಅಥವಾ ಐದು ಹಾಡುಗಳ ಪಟ್ಟಿಯೊಂದರ ಸಪಾಠಾಂತರ ಪರಿಷ್ಕರಣ

ಉಪೋದ್ಘಾತ

ಲೋಕದಲ್ಲಿ ಯಾಚನೆಯೆಂಬುದು ಬಹುವಿಧವಾದದ್ದು. ಮಳೆಗಾಗಿ ವರುಣನನ್ನೂ, ಮಾರ್ಕಿಗಾಗಿ ಪರೀಕ್ಷಕನನ್ನೂ, ವರ್ಗಾವಣೆಗಾಗಿ ಮಂತ್ರಿಯನ್ನೂ ಪ್ರಾರ್ಥಿಸುವ ವಿಧಿವಿಧಾನಗಳನ್ನು ಕುರಿತು ನಮ್ಮ ಪೂರ್ವಿಕರೂ ಸಮಕಾಲೀನರೂ ಬೇಕಾದಷ್ಟು ಬರೆದಿಟ್ಟಿದ್ದಾರೆ. ಆದರೆ ಟೆಲಿವಿಷನ್ ಪೆಟ್ಟಿಗೆಯ ಎದುರಿಗೆ ಪ್ಲಾಸ್ಟಿಕ್ ಗಿಟಾರೊಂದನ್ನು ಕೊರಳಿಗೆ ತಗುಲಿಸಿಕೊಂಡು ನಿಂತ ತರುಣನು, "ನನಗೆ ಪ್ರಿಯವಾದ ಈ ಹಾಡನ್ನು ದಯಮಾಡಿ ನಿಮ್ಮ ಆಟಕ್ಕೆ ಸೇರಿಸಿರಿ" ಎಂದು ಕಡಲಾಚೆಯ ಕಂಪನಿಯೊಂದಕ್ಕೆ ಸಲ್ಲಿಸುವ ಅಹವಾಲಿನ ವಿಷಯವಾಗಿ ಶಾಸ್ತ್ರೀಯವೆನ್ನಬಹುದಾದ ಒಂದು ಗ್ರಂಥವನ್ನಾದರೂ ನಾನು ಕಾಣೆನು. ವಿದ್ವಲ್ಲೋಕಕ್ಕೆ ಭೂಷಣವಲ್ಲದ ಈ ನ್ಯೂನತೆಯನ್ನು ಯಥಾಮತಿ ನೀಗಿಸುವುದೇ ಪ್ರಕೃತ ಪ್ರಬಂಧದ ಉದ್ದೇಶ.

ಗ್ರಂಥಾರಂಭದಲ್ಲಿ ಅನುಬಂಧಚತುಷ್ಟಯವನ್ನು ಹೇಳತಕ್ಕದ್ದೆಂಬುದು ಸಂಪ್ರದಾಯ. ವಿಷಯವು ನನ್ನ ತಂಗಿಯ ಮಗನಾದ ಚಿರಂಜೀವಿಯು ಇಂಜಿನಿಯರಿಂಗ್ ಓದುತ್ತಿದ್ದ ಕಾಲದಲ್ಲಿ ಬರೆದ ಐದು ಹಾಡುಗಳ ಪಟ್ಟಿ. ಅಧಿಕಾರಿಯು ಎಡಗೈಯ ನಾಲ್ಕು ಬೆರಳುಗಳೂ ಬಲಗೈಯ ಹೆಬ್ಬೆರಳೂ ನೆಟ್ಟಗಿರುವ ಯಾವನಾದರೂ ಆಗಬಹುದು. ಸಂಬಂಧವು, ಪಟ್ಟಿಗೂ ಆಟಕ್ಕೂ ಭಕ್ತ-ಭಗವಂತರದು; ಪಟ್ಟಿಗೂ ನನಗೂ ಸೋದರಮಾವನದು. ಪ್ರಯೋಜನವೆಂಬ ನಾಲ್ಕನೆಯದು ಈ ಪ್ರಬಂಧಕ್ಕೆ ಇಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಕಾರಣಕ್ಕಾಗಿಯೇ ಪ್ರಬಂಧಗಳನ್ನು ತಡೆಹಿಡಿಯುವ ಪದ್ಧತಿ ಇದ್ದಿದ್ದರೆ ನಮ್ಮ ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳಿಗೆ ಅಷ್ಟು ದೊಡ್ಡ ಕಟ್ಟಡಗಳು ಬೇಕಾಗುತ್ತಿರಲಿಲ್ಲವಷ್ಟೆ.

ಲಕ್ಷಣ ಪ್ರಕರಣ

ಹಾಡಿನ ಲಯಕ್ಕೆ ಸರಿಯಾಗಿ ಗುಂಡಿಯನ್ನೊತ್ತುವುದೇ ಪುರುಷಾರ್ಥವೆಂದು ಸಾರುವ ಈ ಆಟಗಳ ಸಂಪ್ರದಾಯವು ಬೆಳೆದದ್ದು ಜಪಾನಿನಲ್ಲಿ. 1996ರಲ್ಲಿ ಮಸಾಯಾ ಮತ್ಸುಉರ ಎಂಬ ಸಂಗೀತಗಾರನು ನಾಯಿಮರಿಯೊಂದನ್ನು ನಾಯಕಪದವಿಗೆ ಏರಿಸಿ 'ಪರಾಪ್ಪ ದಿ ರ‍್ಯಾಪರ್' ಎಂಬ ಆಟವನ್ನು ನಿರ್ಮಿಸಿದನು. ಮರುವರ್ಷ ಕೊನಾಮಿ ಕಂಪನಿಯ 'ಬೀಟ್‌ಮೇನಿಯಾ' ಐದು ಕೀಲಿಗಳನ್ನೂ ತಿರುಗುವ ತಟ್ಟೆಯೊಂದನ್ನೂ ಹೊತ್ತು ಆಟದಂಗಡಿಗಳಿಗೆ ಬಂದಿತು. 1998ರಲ್ಲಿ ಅದೇ ಕಂಪನಿಯ 'ಡಾನ್ಸ್ ಡಾನ್ಸ್ ರೆವಲ್ಯೂಷನ್' ಆಟವು ಜನರ ಕೈಯನ್ನು ಬಿಟ್ಟು ಕಾಲನ್ನು ಹಿಡಿಯಿತು. ಅನಂತರ ವಿದ್ಯೆಯು ಸಮುದ್ರೋಲ್ಲಂಘನ ಮಾಡಿತು. ಎಂಐಟಿಯಲ್ಲಿ ಓದಿದ ಅಲೆಕ್ಸ್ ರಿಗೊಪುಲೊಸ್ ಮತ್ತು ಎರಾನ್ ಎಗೋಜಿ ಎಂಬಿಬ್ಬರು 1995ರಲ್ಲಿ ಸ್ಥಾಪಿಸಿದ್ದ ಹಾರ್ಮೋನಿಕ್ಸ್ ಸಂಸ್ಥೆಯು, 2005ರ ನವೆಂಬರಿನಲ್ಲಿ, ರೆಡ್‌ಆಕ್ಟೇನ್ ಕಂಪನಿಯ ಪ್ಲಾಸ್ಟಿಕ್ ಗಿಟಾರಿನೊಡನೆ 'ಗಿಟಾರ್ ಹೀರೋ' ಎಂಬ ಆಟವನ್ನು ಹೊರತಂದಿತು. ಅದರಲ್ಲಿದ್ದ ಹಾಡುಗಳು 47. ಎರಡು ವರ್ಷಗಳ ಮೇಲೆ ಅದೇ ಸಂಸ್ಥೆಯು 'ರಾಕ್ ಬ್ಯಾಂಡ್' ಎಂಬ ಮತ್ತೊಂದು ಆಟದಲ್ಲಿ ಗಿಟಾರು, ಬೇಸ್, ಡ್ರಮ್ಮು, ಕಂಠ ಎಂಬ ನಾಲ್ಕನ್ನೂ ಒಂದೇ ಹಜಾರದಲ್ಲಿ ಕೂಡಿಸಿ, ನೆರೆಹೊರೆಯವರ ಸಹನೆಯನ್ನು ಪರೀಕ್ಷಿಸಿತು.

ಆಟದ ಪ್ರಕ್ರಿಯೆ ಹೀಗೆ. ಪರದೆಯ ಮೇಲೆ, ಆಟಗಾರರು ಹೈವೇ ಎಂದು ಕರೆಯುವ ಒಂದು ದಾರಿ. ಅದರ ಮೇಲೆ ದಿಗಂತದಿಂದ ಹೊರಟು ನಮ್ಮತ್ತ ಜಾರಿ ಬರುವ ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ ವರ್ಣದ ಬಿಲ್ಲೆಗಳು. ಬಿಲ್ಲೆಯು ಕೆಳಗಿನ ಗೆರೆಯನ್ನು ಮುಟ್ಟುವ ಕ್ಷಣದಲ್ಲಿ ಎಡಗೈಯು ಆಯಾ ಬಣ್ಣದ ಗುಂಡಿಯನ್ನು ಒತ್ತಿ ಹಿಡಿದಿರಬೇಕು, ಬಲಗೈಯು ಸ್ಟ್ರಮ್ ಬಾರ್ ಎಂಬ ಅಡ್ಡಕಡ್ಡಿಯನ್ನು ಮೀಟಬೇಕು. ಸತತವಾಗಿ 10 ಸ್ವರಗಳು ತಪ್ಪದೆ ಸಂದರೆ ಅಂಕವು ಇಮ್ಮಡಿ, 20 ಸಂದರೆ ಮುಮ್ಮಡಿ, 30 ಸಂದರೆ ನಾಲ್ವಡಿ. ಇಮ್ಮಡಿ ಪುಲಿಕೇಶಿಯಿಂದ ನಾಲ್ವಡಿ ಕೃಷ್ಣರಾಜರವರೆಗಿನ ಚರಿತ್ರೆಯನ್ನು ಓದಿದ ನಮಗೆ ಈ ಶ್ರೇಣಿ ಅಪರಿಚಿತವಲ್ಲ. ಒಂದೇ ಒಂದು ಸ್ವರ ತಪ್ಪಿದರೆ ನಾಲ್ವಡಿಯ ಸಿಂಹಾಸನದಿಂದ ನೇರವಾಗಿ ಪ್ರಜೆಯ ಸ್ಥಾನಕ್ಕೆ ಇಳಿಯಬೇಕೆಂಬ ನಿಯಮ ಮಾತ್ರ ಯಾವ ರಾಜವಂಶದಲ್ಲಿಯೂ ಇದ್ದಂತೆ ಕಾಣದು.

ಇಲ್ಲಿ ಕನಿಷ್ಠಿಕಾವಿಚಾರವು ಅವಶ್ಯವಾಗಿ ಪ್ರಸಕ್ತವಾಗುತ್ತದೆ. ಗುಂಡಿಗಳು ಐದು, ಗಿಟಾರಿನ ಕತ್ತನ್ನು ಹೆಬ್ಬೆರಳಿನಿಂದ ಹಿಡಿದ ಮೇಲೆ ಉಳಿಯುವ ಬೆರಳುಗಳು ನಾಲ್ಕು. ಈಸಿ ಎಂಬ ಮೊದಲ ಹಂತದಲ್ಲಿ ಮೂರು ಗುಂಡಿ, ಮೀಡಿಯಂ ಹಂತದಲ್ಲಿ ನಾಲ್ಕು. ಹಾರ್ಡ್ ಹಂತದಲ್ಲಿ ಕಿತ್ತಳೆಯ ಗುಂಡಿಯು ಕಾಣಿಸಿಕೊಂಡೊಡನೆ, ಅದುವರೆಗೆ ಸುಖವಾಗಿ ಮಲಗಿದ್ದ ಕಿರುಬೆರಳು ಪರೀಕ್ಷೆಯ ಹಿಂದಿನ ರಾತ್ರಿಯ ವಿದ್ಯಾರ್ಥಿಯಂತೆ ಗಾಬರಿಯಿಂದೆದ್ದು ಕೂರುತ್ತದೆ. ಬಹುಮಂದಿ ಆಟಗಾರರ ಪ್ರಗತಿ ಈ ಹೊಸ್ತಿಲಿನಲ್ಲಿಯೇ ನಿಲ್ಲುವುದುಂಟು. ನನ್ನ ಸೋದರಳಿಯನು ಇದನ್ನು ಎರಡೇ ದಿನಗಳಲ್ಲಿ ದಾಟಿದನು. ಕಾರಣವನ್ನು ವಿಚಾರಿಸಲಾಗಿ, ಅವನಿಗೆ ಐದನೆಯ ವಯಸ್ಸಿನಲ್ಲಿ ಅವನ ಅಜ್ಜಿಯು ಆದಿತಾಳವನ್ನು ಹಾಕಲು ಕಲಿಸಿದ್ದಳೆಂದೂ, ಲಘುವಿನ ಎಣಿಕೆಯಲ್ಲಿ ಘಾತವಾದ ಮೇಲೆ ಮೊದಲು ಬರುವುದು ಕಿರುಬೆರಳೇ ಆದುದರಿಂದ ಅವನ ಕನಿಷ್ಠಿಕೆಯು ಹದಿನೈದು ವರ್ಷಗಳಿಂದಲೂ ಸಿದ್ಧವಾಗಿತ್ತೆಂದೂ ತಿಳಿದುಬಂದಿತು. ಪಾಶ್ಚಾತ್ಯರು ಕಟ್ಟಕಡೆಗೆ ಕರೆಯುವ ಬೆರಳನ್ನು ನಮ್ಮವರು ಮೊಟ್ಟಮೊದಲು ಕರೆದರೆಂಬುದನ್ನು ತೌಲನಿಕ ಅಧ್ಯಯನಕಾರರು ಗಮನಿಸಬೇಕು.

ಆ ಅಜ್ಜಿಯು, ಎಂದರೆ ನನ್ನ ತಾಯಿಯು, ಆಟವನ್ನು ಮೊದಲ ಸಲ ಕಂಡ ದಿನ ನಾನು ಸ್ಥಳದಲ್ಲಿದ್ದೆನು. ಆಕೆ ಮೊರದಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು. ಎದುರಿಗೆ ಮೊಮ್ಮಗನ ಗಿಟಾರು ಚಟಕ್ ಚಟಕ್ ಎಂದು ಸದ್ದು ಮಾಡುತ್ತಿತ್ತು. ಸ್ವಲ್ಪ ಹೊತ್ತು ನೋಡಿ, "ತಂತಿಯೇ ಇಲ್ಲವಲ್ಲೋ ಮಗು, ಇದಕ್ಕೆ?" ಎಂದಳು.

"ತಂತಿ ಟಿವಿಯೊಳಗೆ ಇದೆ ಅಜ್ಜಿ."

"ಹಾಗಾದರೆ ಬೆವರು ನಿನಗೇಕೆ ಬರುತ್ತೆ?" ಎಂದು ಕೇಳಿ, ಆಕೆ ಮತ್ತೆ ಅವರೆಕಾಯಿಗೆ ಕೈಹಾಕಿದಳು. ಈ ಆಟಗಳ ತತ್ತ್ವವನ್ನು ಕುರಿತು ಇದಕ್ಕಿಂತ ಆಳವಾದ ಪ್ರಶ್ನೆಯನ್ನು ನಾನು ಬೇರೆಲ್ಲಿಯೂ ಕೇಳಿಲ್ಲ.

ಪರಂಪರಾ ಪ್ರಕರಣ

ತನಗೆ ಬೇಕಾದ ಹಾಡನ್ನು ಪರರ ಕೈಯಿಂದ ನುಡಿಸಿಕೊಳ್ಳಬೇಕೆಂಬ ಹಂಬಲವು ಪ್ಲಾಸ್ಟಿಕ್ ಗಿಟಾರಿನೊಡನೆ ಹುಟ್ಟಿದ್ದೆಂದು ಯಾರೂ ಭ್ರಮಿಸಲಾಗದು. ಆಕಾಶವಾಣಿಯ ಕೋರಿಕೆ ಕಾರ್ಯಕ್ರಮಗಳಿಗೆ ಅಂಚೆಕಾರ್ಡುಗಳಲ್ಲಿ ಹಾಡಿನ ಹೆಸರನ್ನೂ, ಅದಕ್ಕಿಂತ ದಪ್ಪ ಅಕ್ಷರಗಳಲ್ಲಿ ಮನೆಮಂದಿಯೆಲ್ಲರ ಹೆಸರನ್ನೂ ಬರೆದು ಕಳುಹಿಸಿದ ತಲೆಮಾರು ನಮ್ಮದು. ಈಗ ಝಾರ್ಖಂಡಿಗೆ ಸೇರಿರುವ ಝುಮ್ರಿ ತಿಲೈಯಾ ಎಂಬ ಊರು ದೇಶಕ್ಕೆಲ್ಲ ಪರಿಚಿತವಾದದ್ದು ಅಲ್ಲಿಂದ ರೇಡಿಯೋ ನಿಲಯಗಳಿಗೆ ಹೋಗುತ್ತಿದ್ದ ಇಂಥ ಕೋರಿಕೆಗಳಿಂದಲೇ. ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಗಾಯಕನ ಕೈಗೆ ಜನರ ತಲೆಗಳ ಮೇಲಿಂದ ಸಾಗಿಬರುವ ಚೀಟಿಯೂ ಈ ಕುಲಕ್ಕೇ ಸೇರಿದ್ದು. ಅಮೆರಿಕದವರು ಚೀಟಿಯ ಸಂಸ್ಕಾರವಿಲ್ಲದೆ, ಯಾರ ಕಚೇರಿಯೇ ಆಗಲಿ, ಲಿನರ್ಡ್ ಸ್ಕಿನರ್ಡ್ ತಂಡದ 'ಫ್ರೀ ಬರ್ಡ್' ಎಂಬ ಹಾಡಿನ ಹೆಸರನ್ನು ಕತ್ತಲಿನಿಂದ ಕೂಗಿಬಿಡುವುದನ್ನು ರೂಢಿಸಿಕೊಂಡಿದ್ದಾರೆ. 2006ರ 'ಗಿಟಾರ್ ಹೀರೋ 2' ಆಟವು ಆ ಕೂಗಿಗೆ ಕೊನೆಗೂ ಓಗೊಟ್ಟು, ಅದೇ ಹಾಡನ್ನು ತನ್ನ ಕಟ್ಟಕಡೆಯ ಮೆಟ್ಟಿಲಾಗಿ ಇರಿಸಿತು. ಯಾಚನೆಯು ಫಲಿಸುವುದುಂಟೆಂಬುದಕ್ಕೆ ಇದು ಪ್ರತ್ಯಕ್ಷ ಪ್ರಮಾಣ.

ಭಗವದ್ಗೀತೆಯು ಭಕ್ತರನ್ನು ನಾಲ್ಕು ಬಗೆಯಾಗಿ ವಿಂಗಡಿಸಿರುವುದು ಎಲ್ಲರಿಗೂ ತಿಳಿದಿದೆ. ಗೀತಯಾಚಕರಿಗೂ ಅದು ಅಕ್ಷರಶಃ ಅನ್ವಯಿಸುತ್ತದೆ. ಯಾವಳೋ ಒಬ್ಬಳು ಬಿಟ್ಟುಹೋದ ವಾರದಲ್ಲಿ ಕೇಳಿದ ಹಾಡೇ ಬೇಕೆನ್ನುವವನು ಆರ್ತ. ಈ ಹಾಡಿಗೆ ಬಿಲ್ಲೆಗಳನ್ನು ಹೇಗೆ ಜೋಡಿಸಿಯಾರು, ಅರ್ಥಾತ್ ಚಾರ್ಟ್ ಹೇಗಿದ್ದೀತು ಎಂದು ತಿಳಿಯಬಯಸುವವನು ಜಿಜ್ಞಾಸು. ತನ್ನ ಬೆರಳುಗಳಿಗೆ ಸುಲಭವಾಗಿ ಒಗ್ಗಿ ಐದು ನಕ್ಷತ್ರಗಳನ್ನು ತಂದುಕೊಡುವ ಹಾಡನ್ನೇ ಆರಿಸಿ ಬೇಡುವವನು ಅರ್ಥಾರ್ಥಿ. ಹಾಡು ಬರುವುದಿಲ್ಲವೆಂದು ನಿಶ್ಚಯವಾಗಿ ತಿಳಿದಿದ್ದೂ ಬೇಡುವವನು ಜ್ಞಾನಿ. ಪ್ರಕೃತ ಪಟ್ಟಿಯ ಕರ್ತೃವು ಯಾವ ವರ್ಗದವನೆಂಬುದು ಹಸ್ತಪ್ರತಿಗಳ ಪರಿಶೀಲನೆಯಿಂದಲೇ ತಿಳಿಯಬೇಕು.

ಹಸ್ತಪ್ರತಿ ಪ್ರಕರಣ

ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ತಲೆದಿಂಬಿನ ಬಳಿ ಇಟ್ಟುಕೊಂಡು ಬೆಳೆದ ನನಗೆ, ಈ ಪಟ್ಟಿಯ ಮೂರು ಪ್ರತಿಗಳು ದೊರೆತದ್ದು ಪೂರ್ವಪುಣ್ಯವೆಂದೇ ಹೇಳಬೇಕು.

'ಅ' ಪ್ರತಿ: ಎಲೆಕ್ಟ್ರಾನಿಕ್ಸ್ ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕದ ಕೊನೆಯ ಹಾಳೆ. ನೀಲಿ ಶಾಯಿ. ಬಲತುದಿಯಲ್ಲಿ ಎಣ್ಣೆಯ ಕಲೆ. ಪರಿಮಳದಿಂದ ಈರುಳ್ಳಿ ಬಜ್ಜಿಯದೆಂದು ಊಹಿಸಲವಕಾಶವಿದೆ. ಇದರ ಮೊದಲ ಸಾಲಿನಲ್ಲಿ 'ಒನ್' ಎಂದು ಬರೆದು ಅನಂತರ ಅಡ್ಡಗೆರೆ ಎಳೆಯಲಾಗಿದೆ. ಅದು ಸಂಖ್ಯೆಯಾಗಿರಬಹುದೆಂದು ನಾನು ಮೊದಲು ಭಾವಿಸಿ ಆರು ತಿಂಗಳು ದಾರಿ ತಪ್ಪಿದ್ದೆನು. ಅದು ಮೆಟಾಲಿಕಾ ತಂಡದ 1988ರ ಹಾಡಿನ ಹೆಸರು.

'ಬ' ಪ್ರತಿ: ದರ್ಶಿನಿಯೊಂದರ ಬಿಲ್ಲಿನ ಹಿಂಬದಿ. ಇದರಲ್ಲಿ 'ಒನ್' ಲುಪ್ತವಾಗಿದೆ. ನಾಲ್ಕು ಹಾಡುಗಳು ನೀಲಿ ಶಾಯಿಯಲ್ಲಿ, ಕರ್ತೃವಿನ ಕಾಗೆಕಾಲಿನ ಅಕ್ಷರಗಳಲ್ಲಿವೆ. ಐದನೆಯದು ಹಸಿರು ಶಾಯಿಯಲ್ಲಿ, ದುಂಡಾದ ಅಕ್ಷರಗಳಲ್ಲಿ, ಅನ್ಯಹಸ್ತದಿಂದ ಬರೆಯಲ್ಪಟ್ಟಿದೆ. ಬಿಲ್ಲಿನ ಮುಂಬದಿಯಲ್ಲಿ ಕಾಫಿ ಎರಡು ಎಂದು ನಮೂದಾಗಿರುವುದನ್ನು ಸಂಶೋಧಕರು ಕಡೆಗಣಿಸಬಾರದು.

'ಕ' ಪ್ರತಿ: ಕಂಪ್ಯೂಟರಿನಲ್ಲಿ ಬೆರಳಚ್ಚಾಗಿ ಕಡಲಾಚೆಗೆ ಕಳುಹಿಸಲ್ಪಟ್ಟದ್ದು. ಐದೂ ಹಾಡುಗಳು ಒಂದೇ ಬಗೆಯ ಅಕ್ಷರದಲ್ಲಿರುವುದರಿಂದ ಲಿಪಿಶಾಸ್ತ್ರಕ್ಕೆ ಇದು ನಿಷ್ಪ್ರಯೋಜಕ.

'ಒನ್' ಹಾಡಿನ ಮೇಲಿನ ಅಡ್ಡಗೆರೆಯು ಕಾಲನಿರ್ಣಯಕ್ಕೆ ಮುಖ್ಯವಾದ ಆಧಾರ. 2007ರ ಅಕ್ಟೋಬರಿನಲ್ಲಿ ಹೊರಬಂದ 'ಗಿಟಾರ್ ಹೀರೋ 3' ಆಟದ ಕೊನೆಯ ಮೆಟ್ಟಿಲಿನಲ್ಲಿ ಆ ಹಾಡು ಸೇರಿತು. ಎಂದರೆ ನಮ್ಮ ಕರ್ತೃವಿನ ಪ್ರಾರ್ಥನೆ ಫಲಿಸಿತು. ಫಲಿಸಿದ ಪ್ರಾರ್ಥನೆಯ ಗತಿಯೇನಾಯಿತೆಂಬುದಕ್ಕೆ ನಾನೇ ಸಾಕ್ಷಿ. ಹಾಡಿನ ಮೊದಲರ್ಧವು ಮೆಲ್ಲಗೆ, ಹಳೆಯ ಸ್ನೇಹಿತನಂತೆ ಹೆಗಲ ಮೇಲೆ ಕೈಹಾಕಿಕೊಂಡು ನಡೆಯುತ್ತದೆ. ಉತ್ತರಾರ್ಧದಲ್ಲಿ ಆ ಸ್ನೇಹಿತನೇ ಕೊರಳಪಟ್ಟಿ ಹಿಡಿದು ಎಳೆದಾಡುತ್ತಾನೆ. ಎಕ್ಸ್‌ಪರ್ಟ್ ಹಂತದಲ್ಲಿ ಹುಡುಗನು ಪ್ರತಿ ಸಂಜೆಯೂ ಅದೇ ತಿರುವಿನಲ್ಲಿ ಎಡವುವನು. ಕಾಣದ ಜನಸ್ತೋಮವು ಛೀಮಾರಿ ಹಾಕುವುದು. ಪರದೆಯ ಮೇಲೆ ಹಾಡು ಶೇಕಡಾ 71 ಮುಗಿದಿತ್ತೆಂದು ಬರಹ ಮೂಡುವುದು. ಒಂದು ತಿಂಗಳು ಕಳೆಯುವಷ್ಟರಲ್ಲಿ, ಆಟೋರಿಕ್ಷಾದಲ್ಲೆಲ್ಲೋ ಆ ಹಾಡು ಕೇಳಿಬಂದರೂ ಅವನ ಮುಖ ಕಿವಿಚುತ್ತಿತ್ತು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ತಂಡದವರೇ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ನುಡಿಸಿದಾಗ, ಹೋಗಿಬಂದವನನ್ನು ಹೇಗಿತ್ತೆಂದು ಕೇಳಿದೆನು. "ಅದೇ ತಿರುವು ಬಂದಾಗ ನನ್ನ ಬೆರಳು ತಾನಾಗಿಯೇ ಹೆದರಿತು ಮಾಮ" ಎಂದನು. ಹಾಡನ್ನು ಬೇಡಿ ಪಡೆದವನು ಅದನ್ನು ಕೇಳುವ ಶಕ್ತಿಯನ್ನು ಕಳೆದುಕೊಳ್ಳಬಹುದೆಂಬ ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ಗೀತವಿಚಾರ ಪ್ರಕರಣ

ಮೊದಲನೆಯದು 'ಸ್ಟೇರ್‌ವೇ ಟು ಹೆವನ್'. ಸ್ವರ್ಗಸೋಪಾನವೆಂದು ಇದನ್ನು ಭಾಷಾಂತರಿಸಬಹುದು. ಲೆಡ್ ಜೆಪ್ಲಿನ್ ತಂಡದ 1971ರ ಈ ಗೀತೆಯು ಎಂಟು ನಿಮಿಷಗಳದ್ದು. ಅದರಲ್ಲಿ ಡ್ರಮ್ಮಿನ ಪ್ರವೇಶವಾಗುವುದು ನಾಲ್ಕು ನಿಮಿಷಗಳು ಕಳೆದ ಮೇಲೆ. ಆಟದಲ್ಲಿ ಇದು ಸೇರಿದ್ದೇ ಆದರೆ, ಡ್ರಮ್ಮಿನ ಮುಂದೆ ಕುಳಿತವನು ಎರಡು ಕಡ್ಡಿಗಳನ್ನು ಹಿಡಿದು, ಮದುವೆಮನೆಯಲ್ಲಿ ಎರಡನೆಯ ಪಂಕ್ತಿಗಾಗಿ ಕಂಬಕ್ಕೊರಗಿದ ನೆಂಟನಂತೆ ಕಾಯಬೇಕಾಗುವುದು. ಆದರೆ ಅಂಥ ಪ್ರಸಂಗವೇ ಒದಗಲಿಲ್ಲ. ಲಕ್ಷಾಂತರ ಮಂದಿ ಬೇಡಿದರೂ ಲೆಡ್ ಜೆಪ್ಲಿನ್ ತಂಡದ ಹಾಡುಗಳು 'ಗಿಟಾರ್ ಹೀರೋ' ಸರಣಿಯಲ್ಲಾಗಲಿ 'ರಾಕ್ ಬ್ಯಾಂಡ್' ಸರಣಿಯಲ್ಲಾಗಲಿ ಸೇರಲೇ ಇಲ್ಲ. ಸ್ವರ್ಗಕ್ಕೆ ಸೋಪಾನವುಂಟು, ಆದರೆ ಬಾಗಿಲಿನವನು ಬೀಗ ತೆಗೆಯಲೊಲ್ಲನು.

ಎರಡನೆಯದು 1981ರ 'ಗೀತಾ' ಚಿತ್ರದ 'ಸಂತೋಷಕ್ಕೆ'. ಶಂಕರನಾಗ್ ನಿರ್ದೇಶಿಸಿ ನಟಿಸಿದ, ಇಳಯರಾಜರ ಸಂಗೀತವುಳ್ಳ ಚಿತ್ರವಿದು, ಹಾಡಿದವರು ಎಸ್. ಪಿ. ಬಾಲಸುಬ್ರಹ್ಮಣ್ಯಂ. ಕನ್ನಡನಾಡಿನಲ್ಲಿ ಕಾಲೇಜಿನ ವಾರ್ಷಿಕೋತ್ಸವವಾಗಲಿ, ಮದುವೆಯ ಹಿಂದಿನ ರಾತ್ರಿಯಾಗಲಿ, ಈ ಹಾಡಿಲ್ಲದೆ ಮುಗಿದರೆ ಏನೋ ಬಾಕಿಯುಳಿದಂತೆ. ಇದರ ಯೋಗ್ಯತೆಯ ವಿಷಯದಲ್ಲಿ ವಿವಾದವೇ ಇಲ್ಲ: ಗಾಡಿಯ ಚಕ್ರದಂತೆ ಉರುಳುವ ಲಯ, ನಾಲ್ಕು ಮಂದಿಗೂ ಕೈತುಂಬ ಕೆಲಸ, ಕೇಳುವವರ ಕಾಲಿಗೂ ಬಿಡುವಿಲ್ಲ.

ಮೂರನೆಯದು 1978ರ 'ಆಪರೇಷನ್ ಡೈಮಂಡ್ ರ‍್ಯಾಕೆಟ್' ಚಿತ್ರದ 'ಇಫ್ ಯು ಕಮ್ ಟುಡೇ'. 'ಜೇಡರ ಬಲೆ'ಯಿಂದ ಆರಂಭವಾದ ಸಿಐಡಿ 999 ಪತ್ತೇದಾರಿ ಚಿತ್ರಗಳ ಸಾಲಿಗೆ ಸೇರಿದ ಇದರಲ್ಲಿ, ಕನ್ನಡದ ಕಂಠವೇ ಆಗಿದ್ದ ಡಾ. ರಾಜಕುಮಾರ್, ಜಿ. ಕೆ. ವೆಂಕಟೇಶರ ಸಂಗೀತಕ್ಕೆ ಇಂಗ್ಲಿಷಿನಲ್ಲಿ ಹಾಡಿದ್ದಾರೆ. ಪರದೇಶದ ಕಂಪನಿಗೆ ಭಾಷೆಯ ತೊಡಕಾಗದಿರಲೆಂಬ ಮುಂದಾಲೋಚನೆಯಿಂದ ಪಟ್ಟಿಯ ಕರ್ತೃವು ಇದನ್ನು ಸೇರಿಸಿದಂತೆ ತೋರುತ್ತದೆ. ಆದರೆ ಈ ಮುಂದಾಲೋಚನೆ ಅನಾವಶ್ಯಕ. 'ರಾಕ್ ಬ್ಯಾಂಡ್' ಆಟದ ಮೈಕು ಹಾಡುವವನ ಶ್ರುತಿಯನ್ನು ಅಳೆಯುತ್ತದೆ. ರಾಗವಾಗಿ ಹಾಡುವ ಕಡೆಗಳಲ್ಲಿ ಪದಗಳನ್ನು ತಿಳಿಯುವ ಗೋಜಿಗೆ ಹೋಗುವುದಿಲ್ಲ. ಮಂದ್ರದಲ್ಲಿ ಹಾಡಿದರೂ ತಾರದಲ್ಲಿ ಹಾಡಿದರೂ ಸ್ವರಸ್ಥಾನ ಸರಿಯಿದ್ದರೆ ಅದಕ್ಕೆ ಸಮ್ಮತ. ಆದುದರಿಂದ ಸಾಹಿತ್ಯದ ಬದಲು ತರಕಾರಿಯ ಲೆಕ್ಕವನ್ನು ಒಪ್ಪಿಸಿದರೂ ಪೂರ್ಣಾಂಕ ದೊರೆಯತಕ್ಕದ್ದು. ಸಂಗೀತದಲ್ಲಿ ಸಾಹಿತ್ಯದ ಸ್ಥಾನವೇನೆಂದು ನಮ್ಮ ಸಭೆಗಳಲ್ಲಿ ನಡೆದುಬಂದಿರುವ ಚರ್ಚೆಯನ್ನು ಈ ಯಂತ್ರವು ಒಂದೇ ಏಟಿಗೆ ತೀರ್ಮಾನಿಸಿಬಿಟ್ಟಿದೆ.

ನಾಲ್ಕನೆಯದು 1992ರ 'ಜೀವನಚೈತ್ರ' ಚಿತ್ರದ 'ನಾದಮಯ'. ರಾಜಕುಮಾರರಿಗೆ ಹಿನ್ನೆಲೆಗಾಯನದ ರಾಷ್ಟ್ರಪ್ರಶಸ್ತಿಯನ್ನು ತಂದ ಈ ಹಾಡನ್ನು ಅಜ್ಜಿಯ ಮೇಲಿನ ಗೌರವದಿಂದ ಸೇರಿಸಲಾಯಿತೆಂಬುದು ಕುಟುಂಬದೊಳಗಿನ ಐತಿಹ್ಯ. ಇಲ್ಲಿ ಶಾಸ್ತ್ರಸಂಕಟವು ದೊಡ್ಡದು. ತೋಡಿಯ ಛಾಯೆಯ ಸ್ವರಗಳು ನಿಂತಲ್ಲಿ ನಿಲ್ಲುವಂಥವಲ್ಲ. ಒಂದರ ಹೆಗಲಿನಿಂದ ಇನ್ನೊಂದರ ಮಡಿಲಿಗೆ ಜಾರುತ್ತ, ಓಲಾಡುತ್ತ ನಡೆಯುವಂಥವು. ಈ ಓಲಾಟವನ್ನು ಐದು ಬಣ್ಣದ ಬಿಲ್ಲೆಗಳಾಗಿ ಕತ್ತರಿಸುವುದೆಂತು? ಹಸಿರಿಗೂ ಕೆಂಪಿಗೂ ನಡುವಿನ ಆ ಜಾರುದಾರಿಗೆ ಯಾವ ಗುಂಡಿ? ಗಿಟಾರಿನ ತುದಿಯಲ್ಲಿ ವ್ಯಾಮಿ ಎಂಬ ಅಲುಗಾಡಿಸುವ ಹಿಡಿಯೊಂದಿದೆ. ಅದರಿಂದ ಗಮಕವನ್ನು ಸಾಧಿಸಬಹುದೆಂದು ನನ್ನ ಸೋದರಳಿಯನ ವಾದ. ಅಜ್ಜಿಗೆ ಅದನ್ನು ಅಲುಗಾಡಿಸಿ ತೋರಿಸಿದಾಗ, "ಇದು ಗಮಕವಲ್ಲ ಮಗು, ಚಳಿಜ್ವರ" ಎಂದು ಆಕೆ ತೀರ್ಪು ಕೊಟ್ಟಳು. ಮೇಲ್ಮನವಿಗೆ ಆಸ್ಪದವಿರಲಿಲ್ಲ.

ಐದನೆಯದು 2006ರ 'ಮುಂಗಾರು ಮಳೆ' ಚಿತ್ರದ 'ಅನಿಸುತಿದೆ'. ಜಯಂತ ಕಾಯ್ಕಿಣಿಯವರ ಸಾಹಿತ್ಯ, ಮನೋಮೂರ್ತಿಯವರ ಸಂಗೀತ, ಸೋನು ನಿಗಮರ ಕಂಠ. ಆ ವರ್ಷದ ಮಳೆ ನಿಂತರೂ ಹಾಡು ನಿಲ್ಲಲಿಲ್ಲವೆಂಬುದು ನಿಜವೇ. ಆದರೆ ಆಟದ ದೃಷ್ಟಿಯಿಂದ ನೋಡಿದರೆ ಇದು ಕೇವಲ ಅಯೋಗ್ಯ. ಹಾಡಿನ ಪ್ರಾಣವೆಲ್ಲ ಕಂಠದಲ್ಲಿದೆ. ಗಿಟಾರು ಹಿಡಿದವನಿಗೆ ಹೆಚ್ಚಿನ ಕೆಲಸವಿಲ್ಲ. ನಾಲ್ವಡಿಯ ಸಿಂಹಾಸನವನ್ನೇರುವುದಕ್ಕೆ ಸಾಕಾಗುವಷ್ಟು ಬಿಲ್ಲೆಗಳು ಕೂಡಿಬರುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದು. ಈ ಆಂತರಿಕ ಪ್ರಮಾಣವನ್ನೂ, ಹಸಿರು ಶಾಯಿಯ ಬಾಹ್ಯ ಪ್ರಮಾಣವನ್ನೂ ಒಟ್ಟುಗೂಡಿಸಿ, ಐದನೆಯ ಹಾಡು ಪ್ರಕ್ಷಿಪ್ತವೆಂದು ನಾನು ನಿರ್ಣಯಿಸಿ, ನನ್ನ ಪರಿಷ್ಕರಣದ ಮೊದಲ ಕರಡಿನಲ್ಲಿ ಅದನ್ನು ಚೌಕ ಕಂಸದೊಳಗೆ ಇರಿಸಿದ್ದೆನು.

ವಿಘ್ನ ಪ್ರಕರಣ

ಈಗ ಪೂರ್ವಪಕ್ಷಿಯು ಕೇಳುತ್ತಾನೆ: ಹಾಡುಗಳು ಉಂಟು, ಬೇಡುವವರು ಉಂಟು, ಹಣ ತೆತ್ತು ಕೊಳ್ಳುವವರೂ ಉಂಟು, ಹಾಗಿದ್ದೂ ಸೇರಿಸುವುದಕ್ಕೇನು ಧಾಡಿ?

ಉತ್ತರವಿದು. ಒಂದು ಹಾಡಿಗೆ ಯಜಮಾನರು ಇಬ್ಬರು. ಕಟ್ಟಿದವರ, ಬರೆದವರ ಹಕ್ಕು ಒಂದು. ಧ್ವನಿಮುದ್ರಣದ ಹಕ್ಕು ಇನ್ನೊಂದು. ಎರಡನೆಯದು ದೊರೆಯದಿದ್ದಾಗ ಬೇರೆಯವರಿಂದ ಹಾಡಿಸಿ ನುಡಿಸಿ ಸೇರಿಸುವುದುಂಟು. ಮೊದಲ 'ಗಿಟಾರ್ ಹೀರೋ' ಆಟದ ಪ್ರಸಿದ್ಧ ಹಾಡುಗಳಲ್ಲಿ ಬಹುಪಾಲು ಅಂಥ ಅನುಕರಣಗಳೇ. ಇಬ್ಬರೂ ಒಪ್ಪಿದರೂ ಮೂರನೆಯ ವಿಘ್ನವೊಂದು ಕಾದಿರುತ್ತದೆ. ಆಟಗಾರನು ಗಿಟಾರಿನ ಸ್ವರವನ್ನು ತಪ್ಪಿಸಿದಾಗ ಗಿಟಾರು ಮಾತ್ರ ಮೌನವಾಗಿ ಉಳಿದ ಮೇಳ ಮುಂದುವರಿಯಬೇಕಷ್ಟೆ. ಅದಕ್ಕೆ ಒಂದೊಂದು ವಾದ್ಯವೂ ಪ್ರತ್ಯೇಕವಾಗಿ ಮುದ್ರಿತವಾದ ಮೂಲಟೇಪು ಬೇಕು. ಅದು ಎಷ್ಟೋ ಸಲ ಇರುವುದೇ ಇಲ್ಲ. ಸೆಕ್ಸ್ ಪಿಸ್ಟಲ್ಸ್ ತಂಡದ 'ಅನಾರ್ಕಿ ಇನ್ ದ ಯುಕೆ' ಹಾಡಿನ ಬಿಡಿಬಿಡಿಯಾದ ಮೂಲಟೇಪುಗಳು ಸಿಕ್ಕದಿದ್ದುದರಿಂದ, ತಾರುಣ್ಯದಲ್ಲಿ ರಾಜಪ್ರಭುತ್ವವನ್ನೇ ಹೀಯಾಳಿಸಿದ್ದ ಆ ಮಹನೀಯರು ನಡುವಯಸ್ಸಿನಲ್ಲಿ ಮತ್ತೊಮ್ಮೆ ಸ್ಟುಡಿಯೋದೊಳಗೆ ಹೋಗಿ, 'ಗಿಟಾರ್ ಹೀರೋ 3' ಸಲುವಾಗಿ ಅದೇ ಕ್ರೋಧವನ್ನು ಹೊಸದಾಗಿ ತಂದುಕೊಂಡು ಹಾಡಬೇಕಾಯಿತು.

ನಮ್ಮ ಪಟ್ಟಿಯ ಎರಡನೆಯ, ಮೂರನೆಯ ಹಾಡುಗಳ ಸ್ಥಿತಿಯನ್ನು ಇಲ್ಲಿ ಊಹಿಸಿಕೊಳ್ಳಬಹುದು. ಆ ಕಾಲದ ಚಿತ್ರಗೀತೆಗಳಿಗೆ ಸಾಮಾನ್ಯವಾಗಿ ಹಾಡುವವರೂ ನುಡಿಸುವವರೂ ಒಂದೇ ಮಂದಿರದಲ್ಲಿ ಕಲೆತು, ಒಂದೇ ಉಸಿರಿನಲ್ಲಿ ಧ್ವನಿಮುದ್ರಣ ಮಾಡುತ್ತಿದ್ದರು. ಅದರಿಂದ ಗಿಟಾರನ್ನು ಮಾತ್ರ ಬೇರ್ಪಡಿಸುವುದು, ಬಿಸಿಬೇಳೆ ಹುಳಿಯನ್ನವಾದ ಮೇಲೆ ಹುಣಿಸೆಹಣ್ಣನ್ನು ಹಿಂದಕ್ಕೆ ಕೇಳಿದಂತೆ. ಆದರೂ ನಿರಾಶೆಗೆ ಕಾರಣವಿಲ್ಲ. 2009ರ ಸೆಪ್ಟೆಂಬರ್ 9ರಂದು 45 ಹಾಡುಗಳೊಡನೆ ಹೊರಬಂದ 'ದ ಬೀಟಲ್ಸ್: ರಾಕ್ ಬ್ಯಾಂಡ್' ಆಟಕ್ಕಾಗಿ, ಒಂದೆರಡು ಪಟ್ಟೆಗಳಲ್ಲೇ ಎಲ್ಲವೂ ಬೆರೆತುಹೋಗಿದ್ದ ಹಳೆಯ ಮುದ್ರಣಗಳಿಂದ ಜೈಲ್ಸ್ ಮಾರ್ಟಿನ್ ಮತ್ತು ಅವರ ಸಂಗಡಿಗರು ಕಂಪ್ಯೂಟರಿನ ನೆರವಿನಿಂದ ವಾದ್ಯಗಳನ್ನು ಬಿಡಿಸಿ ತೆಗೆದರು. ಹಂಸಕ್ಷೀರನ್ಯಾಯಕ್ಕೆ ನಮ್ಮ ಕವಿಗಳು ಹೇಳುತ್ತಿದ್ದ ಹಂಸವನ್ನು ನಾನು ಕಂಡಿಲ್ಲ. ಇವರ ಕೆಲಸವನ್ನು ಕಿವಿಯಾರೆ ಕೇಳಿದ್ದೇನೆ.

ಸಿದ್ಧಾಂತ ಪ್ರಕರಣ

'ಕ' ಪ್ರತಿಯು ಕಡಲಾಚೆಗೆ ಹೋಗಿ ಈಗ ಬಹುವರ್ಷಗಳಾದುವು. ಐದು ಹಾಡುಗಳಲ್ಲಿ ಒಂದೂ ಬರಲಿಲ್ಲ. ಅಷ್ಟರಲ್ಲಿ ಗುಡಿಯ ಸ್ಥಿತಿಯೇ ಬದಲಾಯಿತು. 2021ರಲ್ಲಿ ಹಾರ್ಮೋನಿಕ್ಸ್ ಸಂಸ್ಥೆಯು ಎಪಿಕ್ ಗೇಮ್ಸ್ ಎಂಬ ದೊಡ್ಡ ಕಂಪನಿಯ ಮಡಿಲಿಗೆ ಸೇರಿತು. 2023ರ ಡಿಸೆಂಬರಿನಲ್ಲಿ ಅದರ ಆಸ್ಥಾನದಲ್ಲಿ 'ಫೋರ್ಟ್‌ನೈಟ್ ಫೆಸ್ಟಿವಲ್' ಎಂಬ ಹೊಸ ಉತ್ಸವವನ್ನು ಆರಂಭಿಸಿತು. 2024ರ ಜನವರಿ 25ರಂದು 'ರಾಕ್ ಬ್ಯಾಂಡ್ 4' ಆಟಕ್ಕೆ ಹೊಸ ಹಾಡುಗಳನ್ನು ಸೇರಿಸುವ ಕ್ರಮಕ್ಕೆ ಮಂಗಳ ಹಾಡಿತು. ಹೀಗೆ ನಮ್ಮ ಪಟ್ಟಿಯು ಯಾವ ದೇವರಿಗೆ ಬರೆದದ್ದೋ ಆ ದೇವರು ಗರ್ಭಗುಡಿಯನ್ನು ತೆರವು ಮಾಡಿ ಬೇರೆ ಊರಿನ ಜಾತ್ರೆಗೆ ಹೊರಟುಹೋದಂತಾಯಿತು.

ಇದನ್ನು ತಿಳಿಸಿ ನಾನು ಸೋದರಳಿಯನಿಗೆ ಸಾಂತ್ವನ ಹೇಳಹೋದರೆ, ಅವನು ಮೊಬೈಲನ್ನು ತೆಗೆದು, ಪಟ್ಟಿಯಲ್ಲಿ ಎರಡನೆಯ ಹಾಡನ್ನು ಮೊದಲನೆಯದಕ್ಕೆ ಏರಿಸಬೇಕೋ ಬೇಡವೋ ಎಂದು ನನ್ನ ಅಭಿಪ್ರಾಯ ಕೇಳಿದನು. ಆಗ ನನಗೆ ಪೂರ್ವಮೀಮಾಂಸಕರು ನೆನಪಾದರು. ಯಜ್ಞದ ಫಲವನ್ನು ಕೊಡುವುದು ದೇವತೆಯಲ್ಲ, ವಿಧಿಪೂರ್ವಕವಾಗಿ ಮಾಡಿದ ಕರ್ಮವೇ ಎಂದು ಅವರು ಸಾವಿರಾರು ವರ್ಷಗಳ ಹಿಂದೆಯೇ ಸಾರಿ, ದೇವತೆಗಳನ್ನು ಮಂತ್ರದೊಳಗಿನ ಒಂದು ವಿಭಕ್ತಿಪ್ರತ್ಯಯದ ಮಟ್ಟಕ್ಕೆ ಇಳಿಸಿದ್ದರು. ಪಟ್ಟಿ ಬರೆಯುವುದೂ ಅಂಥದೊಂದು ಕರ್ಮ. ಆಟಕ್ಕೆ ಸೇರಿದ 'ಒನ್' ಹಾಡಿಗೆ ಅಂಕವುಂಟು, ಶೇಕಡಾವಾರುಂಟು, ಛೀಮಾರಿಯುಂಟು. ಸೇರದೆ ಉಳಿದ ಐದಕ್ಕೆ ಅವೊಂದೂ ಇಲ್ಲ. ಹುಡುಗನು ಅವುಗಳನ್ನು ಈಗಲೂ ಬಚ್ಚಲುಮನೆಯಲ್ಲಿ ಹಾಡಿಕೊಳ್ಳುತ್ತಾನೆ. ಅರ್ಥಾರ್ಥಿಯಾಗಿ ಪಟ್ಟಿ ಹಿಡಿದವನು ತನಗೆ ತಿಳಿಯದಂತೆಯೇ ಜ್ಞಾನಿಯಾಗಿದ್ದಾನೆ.

ಇನ್ನು ಉಳಿದದ್ದು ಐದನೆಯ ಹಾಡಿನ ಪಾಠನಿರ್ಣಯ. ಕಳೆದ ಮಳೆಗಾಲದಲ್ಲಿ ಅವನ ಮನೆಗೆ ಹೋಗಿದ್ದೆನು. ಊಟವಾದ ಮೇಲೆ, ಮಕ್ಕಳ ಬಲವಂತಕ್ಕೆ ಅಟ್ಟದ ಮೇಲಿಂದ ಹಳೆಯ ಗಿಟಾರನ್ನು ಇಳಿಸಿ ಟಿವಿಯ ಮುಂದೆ ನಿಂತನು. ಒಂದು ಹಾಡು ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಕತ್ತಲಿನಲ್ಲಿ ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಅಡುಗೆಮನೆಯಲ್ಲಿ ಮೇಣದಬತ್ತಿಯನ್ನು ಹುಡುಕುತ್ತಿದ್ದ ಅವನ ಹೆಂಡತಿಯು ತನ್ನಷ್ಟಕ್ಕೆ ತಾನೇ ಏನನ್ನೋ ಗುನುಗಲಾರಂಭಿಸಿದಳು. 'ಅನಿಸುತಿದೆ'. ಒಂದು ಸಾಲು ಕಳೆಯಿತು. ಎರಡನೆಯ ಸಾಲಿಗೆ, ಹಜಾರದ ಮೂಲೆಯಿಂದ, ನಿಧಾನವಾಗಿ, ಸ್ಟ್ರಮ್ ಬಾರಿನ ಚಟಕ್ ಎಂಬ ಸದ್ದು ಲಯ ತಪ್ಪದೆ ಕೂಡಿಕೊಂಡಿತು. ಬಿಲ್ಲೆಗಳಿರಲಿಲ್ಲ, ಹೈವೇ ಇರಲಿಲ್ಲ, ಟಿವಿಯೊಳಗಿನ ತಂತಿಯೂ ಇರಲಿಲ್ಲ. ಕರೆಂಟು ಬಂದಾಗ ಹಾಡು ನಿಂತಿತ್ತು. ಆಕೆ ಮರುದಿನದ ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನ ಮೇಲೆ ಬರೆಯುತ್ತಿದ್ದಳು. ನಾನು ಕನ್ನಡಕವನ್ನು ಸರಿಪಡಿಸಿಕೊಂಡು ನೋಡಿದೆನು: ಅಕ್ಷರಗಳು ದುಂಡಗಿದ್ದುವು, ಶಾಯಿ ಹಸಿರು.

ಆದಕಾರಣ ಸಂಪಾದಕನು ತನ್ನ ಪೂರ್ವನಿರ್ಣಯವನ್ನು ಹಿಂತೆಗೆದುಕೊಂಡಿದ್ದಾನೆ. ಐದನೆಯ ಹಾಡಿನ ಸುತ್ತಣ ಚೌಕ ಕಂಸವನ್ನು ತೆಗೆದುಹಾಕಲಾಗಿದೆ. ಅದನ್ನು ಇನ್ನುಮುಂದೆ ಮೂಲಪಾಠವೆಂದೇ ಓದಿಕೊಳ್ಳತಕ್ಕದ್ದು.